ಊರಲ್ಲೇ ಇರಬಾರದಾ ಅಂತ ಕೇಳಿದ್ದಕ್ಕೆ

"ನಿಮಗೆ 371 ಜೆ ಇದೆ, ಸಿಮೆಂಟ್ ಫ್ಯಾಕ್ಟರಿ ಇವೆ, ತೊಗರಿ ಇದೆ. ಆದ್ರೂ ನಿಮ್ಮ ಕಡೆಯವರು ಬೆಂಗಳೂರಿಗೆ ಬಂದು ತಗಡಿನ ಶೆಡ್ಡಲ್ಲಿ ಯಾಕಿರ್ತಾರೆ? ಊರಲ್ಲೇ ಇರಬಾರದಾ?" ಅಂತ ಕೇಳಿದೆಯಲ್ಲ ದೋಸ್ತ, ಆಗ ನಕ್ಕು ಸುಮ್ಮನಾದೆ. ಕಲಬುರಗಿ ಜಿಲ್ಲೆಯ ಸೇಡಂನಲ್ಲಿ ಝೆರಾಕ್ಸ್ ಅಂಗಡಿ ಇಟ್ಟು ಜನರ ಅರ್ಜಿ ತುಂಬಿಕೊಡುವವನನ್ನು ಇಂಥದ್ದು ಕೇಳಿದರೆ ಉತ್ತರ ಫೋನಲ್ಲಿ ಮುಗಿಯುವುದಿಲ್ಲ.

ಫ್ಯಾಕ್ಟರಿ ಇರೋದು ನಿಜ. ನೆಲದಡಿ ಸುಣ್ಣದ ಕಲ್ಲಿದೆ, ಅದಕ್ಕೇ ಸೇಡಂ, ಚಿತ್ತಾಪುರದ ಸುತ್ತ ಚಿಮಣಿಗಳೆದ್ದಿವೆ. ಮಳಖೇಡ ಅಂದರೆ ರಾಷ್ಟ್ರಕೂಟರ ರಾಜಧಾನಿ, ಅಮೋಘವರ್ಷ ಆಳಿದ ಊರು. ನಿಮ್ಮ ಬೆಂಗಳೂರು ಹುಟ್ಟುವ ಎಷ್ಟೋ ಮೊದಲೇ ನಾವು ರಾಜಧಾನಿ, ನೆನಪಿಟ್ಟುಕೋ. ಈಗ ಆ ಕೋಟೆಯಿಂದ ಸ್ವಲ್ಪ ದೂರದಲ್ಲೇ ಸಿಮೆಂಟ್ ಫ್ಯಾಕ್ಟರಿ. ಆದರೆ ಮಷೀನಿನ ಕೆಲಸಕ್ಕೆ ಐಟಿಐ, ಡಿಪ್ಲೊಮಾ ಓದಿದವರು ಬೇಕು. ಉಳಿದವರಿಗೆ ಸಿಗೋದು ಗುತ್ತಿಗೆ ಕೆಲಸ, ಜೊತೆಗೆ ಮನೆ ಮೇಲೆ ಕೂರುವ ಧೂಳು. ಸಿಮೆಂಟು ವ್ಯಾಗನ್ನಲ್ಲಿ ಹೋಗುತ್ತದೆ, ಜನ ಜನರಲ್ ಬೋಗಿಯಲ್ಲಿ ಹೋಗುತ್ತಾರೆ.

ತೊಗರಿಯದೂ ಅಷ್ಟೇ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನೋ ಸರ್ಕಾರಿ ಗುರುತು ಬಂತು, ಹೆಮ್ಮೆಯೇ. ಆದರೆ ಮಳೆ ನಂಬಿದ ಹೊಲದಲ್ಲಿ ಜೂನ್, ಜುಲೈಗೆ ಬಿತ್ತಿದರೆ ರಾಶಿ ಆಗೋದು ಡಿಸೆಂಬರ್, ಜನವರಿಗೆ. ಆಮೇಲೆ ಮತ್ತೆ ಮಳೆ ಬರುವವರೆಗೆ ಹೊಲದಲ್ಲಿ ಏನು ಕೆಲಸ? ಮೇಸ್ತ್ರಿ ಬಂದು ಅಡ್ವಾನ್ಸ್ ಕೊಡುತ್ತಾನೆ, ಲಂಬಾಣಿಗಳ ತಾಂಡಾಗಳು ಖಾಲಿ ಆಗುತ್ತವೆ. ಗುಳೆ ಹೋಗೋದು ಯಾರಿಗೂ ಶೋಕಿಯಲ್ಲ.

ಈಗ ನಿನ್ನ 371 ಜೆಗೆ ಬರ್ತೀನಿ. ದಿನಾ ನಾನು ಬಡಿದಾಡೋದು ಇದರ ಜೊತೆಗೇ.

2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಆಗಿ 371 ಜೆ ವಿಧಿ ಸೇರಿತು, ನಮ್ಮ ಕಲ್ಯಾಣ ಕರ್ನಾಟಕಕ್ಕೆ (ಆಗಿನ ಹೈದರಾಬಾದ್ ಕರ್ನಾಟಕಕ್ಕೆ) ಮೀಸಲಾತಿ ಬಂತು. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಗ್ರೂಪ್ ಸಿಗೆ ಶೇ. 80, ಗ್ರೂಪ್ ಡಿಗೆ ಶೇ. 85 ಸ್ಥಳೀಯರಿಗೆ. ಕಾಲೇಜು ಸೀಟುಗಳಲ್ಲಿ ಶೇ. 70. ಒಳ್ಳೆಯದೇ, ಇದರಿಂದ ಡಾಕ್ಟರು, ಎಂಜಿನಿಯರು ಆದವರು ನಮ್ಮ ಓಣಿಯಲ್ಲೇ ಇದ್ದಾರೆ. ಆದರೆ ಸ್ಥಳೀಯ ಅನ್ನಿಸಿಕೊಳ್ಳೋಕೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಇಲ್ಲೇ ಹುಟ್ಟಿರಬೇಕು, ಇಲ್ಲವೇ 2013ರ ಜನವರಿ 1ಕ್ಕೂ ಹಿಂದಿನ 10 ವರ್ಷ ಇಲ್ಲೇ ಇದ್ದಿರಬೇಕು. ಅಂಥವರ ಮಕ್ಕಳಿಗೂ ಸಿಗುತ್ತದೆ. ಓದೋಕೆ ಎಷ್ಟು ಸರಳ ಅಲ್ವಾ?

ನಮ್ಮ ಹತ್ತಿರದ ತಾಂಡಾದ ಒಂದು ಹುಡುಗಿಯ ಫೈಲು ನನ್ನ ಡ್ರಾಯರಿನಲ್ಲಿದೆ. ಹುಟ್ಟಿದ್ದು ಪುಣೆಯ ಕಟ್ಟಡದ ಸೈಟಿನಲ್ಲಿ, ಹಾಗಾಗಿ ಜನನ ಪ್ರಮಾಣಪತ್ರ ಮಹಾರಾಷ್ಟ್ರದ್ದು. ಅಪ್ಪ, ಅವ್ವ ಗುಳೆ ಹೋದಾಗ ನೋಡಿಕೊಳ್ಳೋರು ಯಾರು? ತಾಂಡೂರಿನ ಅತ್ತೆ ಮನೆಯಲ್ಲಿಟ್ಟು ಓದಿಸಿದರು. ಹಾಗಾಗಿ ಟಿಸಿ ತೆಲಂಗಾಣದ್ದು. ನಮಗೆ ತಾಂಡೂರು ಪರರಾಜ್ಯ ಅನ್ನಿಸೋದೇ ಇಲ್ಲ ಮಾರಾಯ. ಸೇಡಂನಲ್ಲಿ ರೈಲು ಹತ್ತಿದರೆ ಸ್ವಲ್ಪ ಹೊತ್ತಲ್ಲೇ ತಾಂಡೂರು. 1956ರವರೆಗೆ ತಾಂಡೂರು, ಕೊಡಂಗಲ್ ಎರಡೂ ನಮ್ಮ ಜಿಲ್ಲೆಯ ತಾಲೂಕುಗಳೇ. ಗೆರೆ ಎಳೆದವರು ಹೋದರು, ಬೀಗರು ಆ ಕಡೆ ಉಳಿದರು.

ಸರಿ, ಅಪ್ಪನ ದಾಖಲೆಯ ಮೇಲೆ ಕೊಡಿಸೋಣ ಅಂದೆ. ಅವನು ಶಾಲೆ ಮೆಟ್ಟಿಲು ಹತ್ತಿದವನಲ್ಲ. ಹುಟ್ಟಿದ್ದನ್ನು ಯಾರೂ ಬರೆಸಿಲ್ಲ. "ನಾ ಎಲ್ಲಿ ಹುಟ್ಟೀನಿ ಅಂತ ನಮ್ಮವ್ವಗ ಗೊತ್ತಿತ್ತು ಸರ್, ಅಕಿ ಸತ್ತು ಹೋಗ್ಯಾಳ. ಇನ್ ಯಾರಿಗಿ ಕೇಳ್ಲಿ?" ಅಂತ ನನ್ನನ್ನೇ ಕೇಳಿದ. ಮನೆಯ ಕಾಗದ? ತಾಂಡಾ ಕಂದಾಯ ಗ್ರಾಮವೇ ಆಗಿರಲಿಲ್ಲ, ಅಂದರೆ ಸರ್ಕಾರದ ದಾಖಲೆಯಲ್ಲಿ ಅದೊಂದು ಊರೇ ಅಲ್ಲ. 2023ರ ಜನವರಿಯಲ್ಲಿ ಪ್ರಧಾನಿ ಮಳಖೇಡಕ್ಕೇ ಬಂದು ಸುತ್ತಲ ಜಿಲ್ಲೆಗಳ ತಾಂಡಾದವರಿಗೆ ಹಕ್ಕುಪತ್ರ ಕೊಟ್ಟರಲ್ಲ, ಆಗ ಇವನಿಗೂ ಒಂದು ಬಂತು. ಅವನಿಗದು ಬಲು ಖುಷಿ, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ತಂದ. ಅದರ ಮೇಲಿನ ತಾರೀಖು 2023. ಕೌಂಟರಿನವರು ಕೇಳೋದು 2013ಕ್ಕೂ ಹಿಂದಿನದು.

ಅದೇ ವಾರ ಇನ್ನೊಬ್ಬ ಹುಡುಗ ಬಂದಿದ್ದ. ಅವರಪ್ಪ ದಕ್ಷಿಣದ ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿ. ಹುಡುಗ ಹುಟ್ಟಿದ್ದು ಕಲಬುರಗಿಯಲ್ಲಿ, ಓದಿದ್ದೆಲ್ಲ ನಿಮ್ಮೂರಲ್ಲಿ. ಜನನ ಪ್ರಮಾಣಪತ್ರ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದರು. ಅವನ ಅರ್ಜಿ ಒಂದು ಕೊರತೆಯೂ ಇಲ್ಲದೆ ಪಾಸಾಯಿತು. ಹುಡುಗನದು ತಪ್ಪಿಲ್ಲ, ನಿಯಮ ಇರೋದೇ ಹಾಗೆ. ಆದರೆ ಹಿಂದುಳಿದವರಿಗೆ ಅಂತ ತಂದ ಸವಲತ್ತಿಗೆ ಜಾಸ್ತಿ ಹಿಂದುಳಿದವನ ಹತ್ತಿರವೇ ಕಾಗದ ಇಲ್ಲ ಅಂದರೆ ಏನು ಹೇಳೋದು? ಕಾಗದ ಹುಟ್ಟೋದು ಒಂದೇ ಕಡೆ ಕೂತು ಬದುಕೋರಿಗೆ. ವರ್ಷಕ್ಕೆ ಆರು ತಿಂಗಳು ಬೇರೆಯವರ ಮನೆ ಕಟ್ಟೋಕೆ ಹೋಗುವವನು ಎಲ್ಲಿ ವಾಸ ಅಂತ ಬರೆಸಬೇಕು?

ಇದನ್ನೆಲ್ಲ ಹೇಳಿದರೆ ನೀನು "ಸಿಸ್ಟಮ್ ಸರಿಯಿಲ್ಲ" ಅಂದು ಕಾಫಿ ಆರ್ಡರ್ ಮಾಡ್ತೀಯ, ಗೊತ್ತು. ನಮ್ಮದು ಬರಗಾಲದ ನಾಡು ಅಂತ ಅಯ್ಯೋ ಅನ್ನೋದೂ ಬೇಡ. ಬಾ ಒಮ್ಮೆ, ಖಡಕ್ ರೊಟ್ಟಿ, ಪುಂಡಿಪಲ್ಯ ತಿನ್ನಿಸ್ತೀನಿ. ಕನ್ನಡ, ತೆಲುಗು, ಉರ್ದು, ಲಂಬಾಣಿ ನಾಲ್ಕರಲ್ಲೂ ಬೈಸಿಕೊಂಡು ಹೋಗುವಿಯಂತೆ.

ಹುಡುಗಿಯ ಅರ್ಜಿಗೆ ಕೊನೆಗೂ ಒಂದು ದಾರಿ ಸಿಕ್ಕಿದೆ. ಹಳೇ ಮತದಾರರ ಪಟ್ಟಿಯಲ್ಲಿ ಅವರಪ್ಪನ ಹೆಸರು ಸಿಕ್ಕಿತು, ವಯಸ್ಸು ಮಾತ್ರ ಆಧಾರ್‌ಗೆ ಹೊಂದಲ್ಲ. ಅದಕ್ಕೆ ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕು, ಅವನೇ ಬಂದು ಸಹಿ ಹಾಕಬೇಕು. ಫೋನ್ ಮಾಡಿದರೆ ಪುಣೆಯಲ್ಲಿ ಸ್ಲ್ಯಾಬ್ ಹಾಕ್ತಿದ್ದಾನಂತೆ, ಅಡ್ವಾನ್ಸ್ ತೀರೋವರೆಗೆ ಮೇಸ್ತ್ರಿ ಬಿಡಲ್ಲ ಅಂದ. ನೇಮಕಾತಿ ಅರ್ಜಿಗೆ ಕೊನೆ ದಿನ ಅದಕ್ಕೂ ಮೊದಲೇ ಇದೆ.