ಲೇಖನವನ್ನು ಒಬ್ಬರೇ ತಮ್ಮ ಕಡೆಗೆ ಎಳೆಯುತ್ತಿದ್ದರೆ ಏನು ಮಾಡುವುದು?

ಪ್ರಶ್ನೆ: ಒಂದು ವರ್ಷದಿಂದ ಬಿಡುವು ಸಿಕ್ಕಾಗ ವಿಕಿಪೀಡಿಯದಲ್ಲಿ ಎಡಿಟ್ ಮಾಡುತ್ತಿದ್ದೇನೆ. ಒಂದು ಅಣೆಕಟ್ಟಿನ ಲೇಖನದಲ್ಲಿ, ಮನೆ ಜಮೀನು ಕಳೆದುಕೊಂಡ ಕುಟುಂಬಗಳ ಬಗ್ಗೆ ಉಲ್ಲೇಖ ಸಮೇತ ಒಂದು ಪ್ಯಾರಾ ಬರೆದಿದ್ದೆ. ಇನ್ನೊಬ್ಬರು ಅದನ್ನು ಕಿತ್ತುಹಾಕಿ ಯೋಜನೆಯನ್ನು ಹೊಗಳುವ ಸಾಲುಗಳನ್ನು ತುಂಬಿದರು. ನಾನು ರಿವರ್ಟ್ ಮಾಡಿದೆ, ಅಂದರೆ ಹಿಂದಿನ ರೂಪಕ್ಕೆ ಮರಳಿಸಿದೆ. ಅವರೂ ಮಾಡಿದರು. ನಾಲ್ಕು ದಿನ ಇದೇ ನಡೆಯಿತು. ಕೊನೆಗೆ ಎಚ್ಚರಿಕೆ ಬಂದಿದ್ದು ಇಬ್ಬರಿಗೂ! ಸರಿಯಾದದ್ದನ್ನು ಬರೆದ ನನಗೂ ಯಾಕೆ?

ಉತ್ತರ: ಬೇಜಾರಾಗುವುದು ಸಹಜ. ಆದರೆ ಎಚ್ಚರಿಕೆ ಕೊಟ್ಟವರು ನಿಮ್ಮ ಪ್ಯಾರಾ ಸರಿಯೋ ತಪ್ಪೋ ಅಂತ ತೀರ್ಪು ಕೊಟ್ಟಿಲ್ಲ. ನಿರ್ವಾಹಕರು, ಅಂದರೆ ಅಡ್ಮಿನ್‌ಗಳು, ಇಂಥ ಕಡೆ ನೋಡುವುದು ನಡವಳಿಕೆಯನ್ನು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟವನ್ನು 24 ಗಂಟೆಯೊಳಗೆ ಮೂರಕ್ಕಿಂತ ಜಾಸ್ತಿ ಸಲ ರಿವರ್ಟ್ ಮಾಡಿದರೆ ಬ್ಲಾಕ್ ಆಗಬಹುದು. ಹಾಗಂತ ದಿನಕ್ಕೆ ಮೂರು ರಿವರ್ಟ್ ನಮ್ಮ ಹಕ್ಕು ಅಂತಲ್ಲ. ದಿನಕ್ಕೊಂದರಂತೆ ವಾರವಿಡೀ ಎಳೆದಾಡಿದರೂ ಅದು ಎಡಿಟ್ ವಾರ್ ಆಗುತ್ತದೆ. ಸ್ಪಷ್ಟವಾದ ವ್ಯಾಂಡಲಿಸಂ, ಬದುಕಿರುವವರ ಮೇಲೆ ಉಲ್ಲೇಖವಿಲ್ಲದ ಆರೋಪ, ಕಾಪಿರೈಟ್ ಉಲ್ಲಂಘನೆ ಇಂಥವಕ್ಕೆ ವಿನಾಯಿತಿ ಇದೆ. ನಿಮ್ಮ ಜಗಳ ಇದ್ಯಾವುದಕ್ಕೂ ಸೇರುವುದಿಲ್ಲ.

ವ್ಯಾಂಡಲಿಸಂ ಅನ್ನುವ ಮಾತನ್ನು ಎಲ್ಲದಕ್ಕೂ ಬಳಸಬೇಡಿ. ಪುಟ ಖಾಲಿ ಮಾಡುವುದು, ಬೈಗುಳ ತುಂಬುವುದು ವ್ಯಾಂಡಲಿಸಂ. ಅದನ್ನು ಸುಮ್ನೆ ಅನ್‌ಡೂ ಮಾಡಿ ಮುಂದೆ ಹೋಗಿ. ಇಂಗ್ಲಿಷ್‌ನಲ್ಲಿ ಕ್ಲೂಬಾಟ್ ಎನ್‌ಜಿ ಎಂಬ ಬಾಟ್ 2010ರಿಂದ ಅಂಥವನ್ನು ತಾನಾಗಿಯೇ ಹಿಡಿದು ತೆಗೆಯುತ್ತಿದೆ. ನಿಮ್ಮ ಎದುರಾಳಿಯ ವಿಷಯ ಬೇರೆ. ತಾನು ಲೇಖನವನ್ನು ಸರಿಮಾಡುತ್ತಿದ್ದೇನೆ ಅಂತಲೇ ಅವರು ನಂಬಿರಬಹುದು. ಅವರ ಎಡಿಟ್‌ಗೆ ‘ವ್ಯಾಂಡಲಿಸಂ ತೆಗೆದಿದ್ದೇನೆ’ ಅಂತ ಷರಾ ಬರೆದರೆ, ಆಮೇಲೆ ನೋಡಲು ಬಂದವರಿಗೆ ನಿಮ್ಮ ಮಾತಿನ ಮೇಲೇ ಅನುಮಾನ ಬರುತ್ತದೆ.

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಎಡಿಟ್ ಮಾಡಲು ಶುರು ಮಾಡಿದ ಹೊಸತರಲ್ಲಿ ಒಂದು ರಾತ್ರಿ ನಾಲ್ಕನೇ ರಿವರ್ಟ್ ಮಾಡಿ ಒಂದು ದಿನದ ಮಟ್ಟಿಗೆ ಬ್ಲಾಕ್ ಆದೆ. ಬೆಳಗ್ಗೆ ಆ ಲೇಖನದ ಚರ್ಚೆ ಪುಟ ತೆರೆದು ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಅಷ್ಟೊಂದು ಜಗಳವಾಡಿದ್ದೆ, ಯಾಕೆ ಅಂತ ಒಂದು ಸಾಲು ಬರೆದಿರಲಿಲ್ಲ. ಹಿಸ್ಟರಿ ನೋಡಿದ ಅಡ್ಮಿನ್‌ಗೆ ಕಂಡಿದ್ದು ಇಬ್ಬರು ಗುದ್ದಾಡುತ್ತಿರುವುದು ಮಾತ್ರ.

ಹಾಗಾಗಿ ಮೊದಲು ಕೈ ತೆಗೆಯಿರಿ. ಪುಟ ಅವರ ಆವೃತ್ತಿಯಲ್ಲೇ ನಾಲ್ಕು ದಿನ ಇರಲಿ. ನೀವು ಬರೆದದ್ದು ಎಲ್ಲೂ ಹೋಗಿಲ್ಲ, ಹಿಸ್ಟರಿಯಲ್ಲಿ ಹಾಗೇ ಇದೆ. ಅಡ್ಮಿನ್ ಬಂದು ಪುಟವನ್ನು ಅವರ ಆವೃತ್ತಿಯಲ್ಲೇ ಲಾಕ್ ಮಾಡಿದರೂ ಗಾಬರಿಯಾಗಬೇಡಿ. ಅದು ಅವರಿಗೆ ಸಿಕ್ಕ ಒಪ್ಪಿಗೆಯಲ್ಲ.

ಆಮೇಲೆ ಚರ್ಚೆ ಪುಟಕ್ಕೆ ಹೋಗಿ. ‘ನೀವು ಕಂಪನಿಯ ಪರ, ಸತ್ಯ ಮುಚ್ಚಿಡುತ್ತಿದ್ದೀರಿ’ ಅಂತ ಬರೆದರೆ ಮಾತು ಅಲ್ಲಿಗೇ ಮುಗಿಯಿತು. ಬದಲಿಗೆ ಹೀಗೆ ಬರೆಯಿರಿ: ‘ಸ್ಥಳಾಂತರದ ಪ್ಯಾರಾ ತೆಗೆದಿದ್ದೀರಿ. ಅದಕ್ಕೆ ಎರಡು ಪುಸ್ತಕ, ಒಂದು ಸರ್ಕಾರಿ ವರದಿಯ ಉಲ್ಲೇಖವಿದೆ. ಇವುಗಳಲ್ಲಿ ಯಾವುದರ ಬಗ್ಗೆ ತಕರಾರು? ಪ್ಯಾರಾ ಉದ್ದವಾಯಿತು ಅನ್ನುವುದಾದರೆ ಮೂರು ಸಾಲಿಗೆ ಇಳಿಸಿದ ರೂಪ ಇಲ್ಲಿದೆ.’ ಇದನ್ನು ಓದಿ ಎದುರಾಳಿ ಮನಸ್ಸು ಬದಲಾಯಿಸುತ್ತಾರೆ ಅಂತ ನಾನು ಹೇಳುತ್ತಿಲ್ಲ. ಬಹಳ ಸಲ ಬದಲಾಯಿಸುವುದಿಲ್ಲ. ನೀವು ಬರೆಯುತ್ತಿರುವುದು ಮೂರನೆಯವರಿಗೆ. ನಾಳೆಯೋ ಮುಂದಿನ ತಿಂಗಳೋ ಯಾರೋ ಒಬ್ಬರು ಆ ಪುಟಕ್ಕೆ ಬರುತ್ತಾರೆ. ಅಣೆಕಟ್ಟಿನ ಬಗ್ಗೆ ಅವರಿಗೆ ಏನೂ ಗೊತ್ತಿರುವುದಿಲ್ಲ. ಹತ್ತು ನಿಮಿಷದಲ್ಲಿ ಅವರಿಗೆ ಅರ್ಥವಾಗುವ ಹಾಗೆ ಬರೆಯಿರಿ.

ಉತ್ತರ ಬಾರದಿದ್ದರೆ, ಬಂದರೂ ಮಾತು ಮುಂದಕ್ಕೆ ಹೋಗದಿದ್ದರೆ, ಆ ಮೂರನೆಯವರನ್ನು ನೀವೇ ಕರೆಯಬಹುದು. ಇಬ್ಬರ ನಡುವಿನ ಜಗಳಕ್ಕೆ ಇಂಗ್ಲಿಷ್‌ನಲ್ಲಿ ಥರ್ಡ್ ಒಪೀನಿಯನ್ ಅಂತಲೇ ಒಂದು ಪುಟವಿದೆ. ಹೆಚ್ಚು ಜನರ ಅಭಿಪ್ರಾಯ ಬೇಕಾದರೆ ರಿಕ್ವೆಸ್ಟ್ ಫಾರ್ ಕಾಮೆಂಟ್ ಇದೆ, ಸಾಮಾನ್ಯವಾಗಿ 30 ದಿನ ತೆರೆದಿರುತ್ತದೆ. ಕನ್ನಡ ವಿಕಿಪೀಡಿಯದಲ್ಲಾದರೆ ಅರಳಿ ಕಟ್ಟೆ ಎಂಬ ಸಮುದಾಯದ ಚರ್ಚೆ ಪುಟದಲ್ಲಿ ವಿಷಯ ಎತ್ತಬಹುದು. ಆದರೆ ಗೆಳೆಯರ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿ ‘ಬನ್ನಿ, ನನ್ನ ಪರ ಬರೆಯಿರಿ’ ಅಂತ ಮಾತ್ರ ಕರೆಯಬೇಡಿ. ಅದು ನಿಯಮಕ್ಕೆ ವಿರುದ್ಧ. ಮೇಲಾಗಿ ಅಲ್ಲಿ ತಲೆ ಎಣಿಸುವುದಿಲ್ಲ, ವಾದ ನೋಡುತ್ತಾರೆ.

ಪ್ರಶ್ನೆ: ನಾನು ನೋಡುತ್ತಿರುವ ಲೇಖನದಲ್ಲಿ ಯಾರೂ ಏನನ್ನೂ ಅಳಿಸುತ್ತಿಲ್ಲ, ಬೈಯುತ್ತಿಲ್ಲ. ಒಬ್ಬರು ಬಹಳ ಮರ್ಯಾದೆಯಿಂದ, ಪ್ರತಿ ಸಾಲಿಗೂ ಉಲ್ಲೇಖ ಕೊಟ್ಟು ಬರೆಯುತ್ತಾರೆ. ಆದರೂ ಆರು ತಿಂಗಳಲ್ಲಿ ಲೇಖನ ಪೂರ್ತಿ ಒಂದು ಕಡೆಗೆ ವಾಲಿದೆ. ಇದನ್ನು ತೋರಿಸಿಕೊಡುವುದು ಹೇಗೆ?

ಉತ್ತರ: ಎಲ್ಲಕ್ಕಿಂತ ಕಷ್ಟದ್ದು ಇದೇ. ಬೈಗುಳ ಎಲ್ಲರಿಗೂ ಕಾಣುತ್ತದೆ. ವಾಲುವುದು ಕಾಣುವುದಿಲ್ಲ, ಯಾಕೆಂದರೆ ಅದು ಒಂದೊಂದೇ ಪದವಾಗಿ ಬರುತ್ತದೆ. ಕನ್ನಡದಲ್ಲಂತೂ ಎಷ್ಟು ಸುಲಭ ನೋಡಿ. ‘ಕುಟುಂಬಗಳು ಪರಿಹಾರ ಸಿಕ್ಕಿಲ್ಲ ಎಂದು ಹೇಳಿದವು’ ಎಂಬ ಸಾಲಿದೆ ಅಂದುಕೊಳ್ಳಿ. ‘ಹೇಳಿದವು’ ಹೋಗಿ ‘ಹೇಳಿಕೊಂಡಿವೆ’ ಆಗುತ್ತದೆ. ಅಷ್ಟಕ್ಕೇ ಆ ಮಾತು ಸುಳ್ಳಿರಬಹುದು ಅನಿಸುತ್ತದೆ. ಮುಂದಿನ ವಾರ ಅದರ ಮುಂದೆ ‘ಕೆಲವು’ ಸೇರುತ್ತದೆ. ಆಮೇಲೆ ಕೊನೆಗೊಂದು ‘ಎನ್ನಲಾಗಿದೆ’. ಇನ್ನೊಂದು ಕಡೆಯ ಮಾತು ಬಂದಾಗ ಮಾತ್ರ ‘ಸ್ಪಷ್ಟಪಡಿಸಿದರು’. ಪ್ರತಿ ಸಲವೂ ಷರಾ ಒಂದೇ: ‘ಭಾಷೆ ತಿದ್ದಿದ್ದೇನೆ’. ಒಂದೊಂದು ಡಿಫ್, ಅಂದರೆ ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸ, ಬಿಡಿಯಾಗಿ ನೋಡಿದರೆ ತಪ್ಪು ಕಾಣುವುದಿಲ್ಲ. ಆರು ತಿಂಗಳ ಹಿಂದಿನ ಆವೃತ್ತಿಯನ್ನು ಇವತ್ತಿನದರ ಪಕ್ಕದಲ್ಲಿಟ್ಟರೆ ಎದ್ದು ಕಾಣುತ್ತದೆ. ಹಿಸ್ಟರಿಯಲ್ಲಿ ಎರಡು ದಿನಾಂಕ ಆರಿಸಿಕೊಂಡು ಹೋಲಿಸಿ. ಆ ಒಂದು ಡಿಫ್ಫೇ ನಿಮ್ಮ ಅರ್ಧ ಕೆಲಸ ಮಾಡಿಕೊಡುತ್ತದೆ.

ಉಳಿದ ಅರ್ಧ ಉಲ್ಲೇಖಗಳಲ್ಲಿದೆ. ಹತ್ತು ಉಲ್ಲೇಖ ಆರಿಸಿ, ನಿಜವಾಗಿಯೂ ತೆರೆದು ಓದಿ. ಲೇಖನ ಹೇಳುವುದನ್ನು ಮೂಲ ಹೇಳುತ್ತದಾ? ಮೂಲದಲ್ಲಿ ‘ಆದರೆ’ ಅಂತ ಶುರುವಾಗುವ ಮುಂದಿನ ಸಾಲನ್ನು ಬಿಟ್ಟಿದ್ದಾರಾ? ನನ್ನ ಅನುಭವದಲ್ಲಿ ಇಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ. ‘ನಿಮ್ಮದು ಪಕ್ಷಪಾತ’ ಅನ್ನುವುದಕ್ಕೆ ಯಾರು ಬೇಕಾದರೂ ತಕರಾರು ತೆಗೆಯಬಹುದು. ‘ಮೂಲದ ಪುಟದಲ್ಲಿ ಹೀಗಿದೆ, ಲೇಖನದಲ್ಲಿ ಹೀಗಿದೆ’ ಅನ್ನುವುದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ತೂಕವನ್ನೂ ನೋಡಿ. ತಟಸ್ಥ ನಿಲುವು ಅಂದರೆ ಎರಡು ಕಡೆಗೂ ಸಮ ಸಮ ಜಾಗ ಕೊಡುವುದಲ್ಲ. ನಂಬಬಹುದಾದ ಮೂಲಗಳು ಯಾವುದಕ್ಕೆ ಎಷ್ಟು ಮಹತ್ವ ಕೊಟ್ಟಿವೆಯೋ ಲೇಖನವೂ ಅಷ್ಟೇ ಕೊಡಬೇಕು. ಪುಸ್ತಕಗಳಲ್ಲಿ ಎರಡು ಸಾಲಿನಲ್ಲಿ ಮುಗಿದ ವಿಷಯ ಇಲ್ಲಿ ಒಂದು ಪೂರ್ತಿ ವಿಭಾಗವಾಗಿದ್ದರೆ ಅದನ್ನೇ ಹೇಳಿ. ದೂರು ಕೊಡುವಾಗ ಐವತ್ತು ಡಿಫ್ ಸುರಿಯಬೇಡಿ, ಯಾರೂ ಓದುವುದಿಲ್ಲ. ಐದು ಸಾಕು, ಪ್ರತಿಯೊಂದರ ಪಕ್ಕ ಒಂದು ಸಾಲಿನ ವಿವರಣೆ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಎದುರು ಕಡೆಯ ಅತ್ಯಂತ ಗಟ್ಟಿಯಾದ ವಾದವನ್ನು, ಒಳ್ಳೆಯ ಮೂಲ ಹುಡುಕಿ, ನೀವೇ ಲೇಖನಕ್ಕೆ ಸೇರಿಸಿ. ಅಣೆಕಟ್ಟಿನಿಂದ ನೀರು ಸಿಕ್ಕಿದ್ದು ನಿಜವಾದರೆ ಅದೂ ಅಲ್ಲಿರಬೇಕಲ್ವಾ? ಹಾಗೆ ಬರೆಯಲು ಕೈ ಬಾರದಿದ್ದರೆ ವಾಲಿರುವುದು ಅವರೊಬ್ಬರೇ ಅಲ್ಲ.

ಹಣಕ್ಕಾಗಿ ಬರೆಯುತ್ತಿದ್ದಾರೆ ಎಂಬ ಅನುಮಾನವಿದ್ದರೆ ಅವರ ಚರ್ಚೆ ಪುಟದಲ್ಲಿ ಸೌಜನ್ಯದಿಂದ ಕೇಳಿ. ಹಣ ಪಡೆದು ಎಡಿಟ್ ಮಾಡುವವರು ಅದನ್ನು ಬಹಿರಂಗಪಡಿಸಬೇಕು ಎಂಬುದು 2014ರಿಂದ, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್‌ನ ಬಳಕೆಯ ಷರತ್ತಿನಲ್ಲೇ ಇದೆ.

ಇದೆಲ್ಲ ನಮಗೆ ಯಾಕೆ ಅಂತ ಬಿಟ್ಟು ಹೋಗಬೇಡಿ, ದಯವಿಟ್ಟು. ಕ್ರೊಯೇಷಿಯನ್ ವಿಕಿಪೀಡಿಯದಲ್ಲಿ ಅಡ್ಮಿನ್‌ಗಳ ಒಂದು ಗುಂಪು ಸುಮಾರು ಒಂದು ದಶಕ ಇತಿಹಾಸದ ಲೇಖನಗಳನ್ನು ತಮಗೆ ಬೇಕಾದ ಹಾಗೆ ತಿರುಚಿತು. ಫೌಂಡೇಶನ್ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದೆಲ್ಲ ದಾಖಲಾಗಿದೆ. ಒಪ್ಪದವರು ಬ್ಲಾಕ್ ಆದರು, ಇಲ್ಲವೇ ಬೇಸತ್ತು ಹೊರಟುಹೋದರು. ಅಲ್ಲಿ ಓದಿ ಬೆಳೆದ ಮಕ್ಕಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಚಿಕ್ಕ ಸಮುದಾಯಗಳಲ್ಲಿ ನಾಲ್ಕು ಜೊತೆ ಕಣ್ಣು ಜಾಸ್ತಿಯಾದರೂ ಬಹಳ ವ್ಯತ್ಯಾಸವಾಗುತ್ತದೆ. ಪುಟವನ್ನು ವೀಕ್ಷಣಾ ಪಟ್ಟಿಗೆ ಸೇರಿಸಿಕೊಳ್ಳಿ, ವಾರಕ್ಕೊಮ್ಮೆ ನೋಡಿದರೂ ಸಾಕು.

ಪ್ರಶ್ನೆ: ನನ್ನ ವಿರುದ್ಧ ವಾದಿಸುತ್ತಿರುವ ಎರಡು ಖಾತೆಗಳು ಒಬ್ಬರದ್ದೇ ಅಂತ ನನಗೆ ಖಾತ್ರಿಯಿದೆ. ಫೇಸ್‌ಬುಕ್‌ನಲ್ಲಿ ಹುಡುಕಿ ಅವರ ನಿಜವಾದ ಹೆಸರು, ಕೆಲಸ ಮಾಡುವ ಜಾಗ ಎರಡನ್ನೂ ಪತ್ತೆ ಮಾಡಿದ್ದೇನೆ. ಚರ್ಚೆ ಪುಟದಲ್ಲಿ ಹಾಕಲೇ?

ಉತ್ತರ: ಖಂಡಿತ ಬೇಡ. ಅವರೇ ಅಲ್ಲಿ ಹೇಳಿಕೊಳ್ಳದ ಹೆಸರು, ಉದ್ಯೋಗ, ವಿಳಾಸವನ್ನು ಹಾಕುವುದು ವಿಕಿಪೀಡಿಯದಲ್ಲಿ ದೊಡ್ಡ ತಪ್ಪು. ಮಾಹಿತಿ ನಿಜವಾಗಿದ್ದರೂ ಬ್ಲಾಕ್ ಆಗುವುದು ನೀವೇ. ಅದಕ್ಕಿಂತ ಮುಖ್ಯವಾಗಿ, ಒಂದು ಲೇಖನದ ಜಗಳಕ್ಕೆ ಒಬ್ಬರ ಕೆಲಸ, ಮನೆ ಮಂದಿಯ ನೆಮ್ಮದಿಗೆ ಕುತ್ತು ತರಬೇಡಿ. ಹುಡುಕಿಟ್ಟದ್ದನ್ನು ಅಳಿಸಿಹಾಕಿ.

ಎರಡು ಖಾತೆಯ ಅನುಮಾನಕ್ಕೆ ಹೆಸರು ಬೇಕಾಗಿಯೂ ಇಲ್ಲ. ಸಾಕ್‌ಪಪೆಟ್, ಅಂದರೆ ಒಬ್ಬರೇ ಬೇರೆಯವರಂತೆ ತೋರಿಸಿಕೊಂಡು ನಡೆಸುವ ಇನ್ನೊಂದು ಖಾತೆ, ಅದರ ತನಿಖೆಗೆ ಬೇರೆಯೇ ಪುಟವಿದೆ. ಅಗತ್ಯ ಕಂಡರೆ ಚೆಕ್‌ಯೂಸರ್ ಅಧಿಕಾರವಿರುವವರು ತಾಂತ್ರಿಕ ದಾಖಲೆ ನೋಡುತ್ತಾರೆ. 2015ರಲ್ಲಿ ಹಣಕ್ಕಾಗಿ ಬರೆಯುತ್ತಿದ್ದ 381 ಖಾತೆಗಳ ಜಾಲವನ್ನು ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಟ್ಟಿಗೇ ಬ್ಲಾಕ್ ಮಾಡಿದ್ದರು. ನೀವು ಕೊಡಬೇಕಾದದ್ದು ಎರಡು ಖಾತೆಗಳ ಹೆಸರು, ಇಬ್ಬರೂ ಒಂದೇ ಸಾಲನ್ನು ಒಂದೇ ಮಾತಿನಲ್ಲಿ ಸಮರ್ಥಿಸಿದ ಮೂರು ನಾಲ್ಕು ಡಿಫ್, ಅವುಗಳ ಸಮಯ. ಅಷ್ಟು ಹಾಕಿ, ಆಮೇಲೆ ತನಿಖೆ ಮಾಡುವವರು ತಮ್ಮ ಕೆಲಸ ಮಾಡಲಿ. ಫಲಿತಾಂಶ ಬರುವ ತನಕ ಚರ್ಚೆ ಪುಟದಲ್ಲಿ ಆ ಇಬ್ಬರನ್ನೂ ಬೇರೆ ಬೇರೆಯವರೆಂದೇ ಭಾವಿಸಿ ಉತ್ತರ ಕೊಡಿ.