ಚೀಟಿ ಎತ್ತದೆಯೂ ಶಾಸ್ತ್ರವಿದೆ, ಮೇಡಂ

ಹಾಸನದ ನಿವೃತ್ತ ಉಪನ್ಯಾಸಕಿಯೊಬ್ಬರ ಪತ್ರ (ಹೆಸರು ಹಾಕಬೇಡಿ ಎಂದಿದ್ದಾರೆ): ‘ತಿಂಡಿ ಮುಟ್ಟದೆ ಕಾದ ಮಕ್ಕಳು ಮುಂದೆ ಹೆಚ್ಚು ಅಂಕ ತೆಗೆಯುತ್ತಾರೆಂದು ಪ್ರಯೋಗದಿಂದ ಸಾಬೀತಾಗಿದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅದು ಪ್ರಯೋಗವೇ ಅಲ್ಲ. ಪ್ರಯೋಗವಿಲ್ಲದ ಮನಃಶಾಸ್ತ್ರಕ್ಕೂ ಜಗಲಿ ಹರಟೆಗೂ ಏನು ವ್ಯತ್ಯಾಸ?’

ಮೊದಲ ಮಾತು ಒಪ್ಪಿದೆ, ಮೇಡಂ. ಆ ಕರಡು ನೋಡಿದವನು ನಾನೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಃಶಾಸ್ತ್ರಜ್ಞರು, ಈಗಲೇ ಬೇಕೆಂದರೆ ಒಂದು ತಿಂಡಿ, ಕಾದರೆ ಅದಕ್ಕಿಂತ ಇಷ್ಟದ್ದು ಎಂದು ಮಕ್ಕಳಿಗೆ ಹೇಳಿ, ಕೆಲವರ ಎದುರು ತಿಂಡಿ ಇಟ್ಟರು, ಕೆಲವರಿಗೆ ಕಾಣದಂತೆ ತೆಗೆದಿಟ್ಟರು. ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಹಂಚಿದ್ದರು. 1970ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ತಿಂಡಿ ಕಾಣದ ಮಕ್ಕಳು ಸರಾಸರಿ 11 ನಿಮಿಷ ಕಾದರೆ, ಎರಡೂ ತಿಂಡಿ ಕಂಡವರು ಸುಮಾರು ಒಂದೇ ನಿಮಿಷ. ಇದು ಅಪ್ಪಟ ಪ್ರಯೋಗ. ಅಂಕದ ಕತೆ ಬಂದದ್ದು ಅದೇ ಮಕ್ಕಳು ಬೆಳೆದ ಮೇಲೆ. ಅಲ್ಲಿ ಯಾರೂ ಏನನ್ನೂ ಬದಲಿಸಲಿಲ್ಲ, ಇದ್ದದ್ದನ್ನು ಅಳೆದರು ಅಷ್ಟೇ. 2018ರಲ್ಲಿ ಬೇರೆ ಸಂಶೋಧಕರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ತೆಗೆದು, ಮನೆಯ ಸ್ಥಿತಿಗತಿಯನ್ನೂ ಲೆಕ್ಕಕ್ಕೆ ಹಿಡಿದಾಗ ಆ ನಂಟು ಬಹುಪಾಲು ಕರಗಿಹೋಯಿತು. ಕಾರಣ ಹೇಳಬೇಕಾದರೆ ಪ್ರಯೋಗವೇ ಬೇಕು, ಸರಿ.

ಆದರೆ ಹರಟೆ ಎಂದಿರಲ್ಲ, ಅದು ಚುಚ್ಚಿತು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ಮೂರ್ಛೆರೋಗ ತಪ್ಪಿಸಲೆಂದು ಮಿದುಳಿನ ಎರಡೂ ಬದಿಯಿಂದ ಒಂದಿಷ್ಟು ಭಾಗ ತೆಗೆದರು. ಆಮೇಲೆ ಹೊಸದೇನೂ ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಇದನ್ನು ಚೀಟಿ ಎತ್ತಿ ಮಾಡಿ ನೋಡಲಾಗುತ್ತದೆಯೇ? ಬ್ರೆಂಡಾ ಮಿಲ್ನರ್ ಎಂಬ ಮನಃಶಾಸ್ತ್ರಜ್ಞೆ ಅವನೆದುರು ಕೂತರು. ಕನ್ನಡಿಯಲ್ಲಿ ಮಾತ್ರ ಕೈ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯಬೇಕು. ಮೊದಲ ದಿನ ಪೆನ್ಸಿಲ್ ಎಲ್ಲೆಲ್ಲೋ ಓಡಿತು. ಮೂರನೆಯ ದಿನಕ್ಕೆ ಗೆರೆ ನೆಟ್ಟಗಾಗಿತ್ತು, ಆದರೆ ಅದನ್ನು ಹಿಂದೆಂದೂ ಮಾಡಿದ ನೆನಪೇ ಅವನಿಗಿರಲಿಲ್ಲ. ಕೈ ಕಲಿತಿತ್ತು, ತಲೆಗೆ ಗೊತ್ತಿರಲಿಲ್ಲ. ನೆನಪು ಒಂದೇ ಬಗೆಯದಲ್ಲ ಎಂಬ ತಿಳಿವಳಿಕೆಗೆ ದಾರಿಯಾದದ್ದು ಈ ಒಬ್ಬನೇ ಮನುಷ್ಯ. ಹೋಲಿಸಲು ಇನ್ನೊಂದು ಗುಂಪು ಎಲ್ಲಿತ್ತು?

ನಮ್ಮಲ್ಲಿ ಕೂತು ನೋಡುವವರಿಗೆ ಬೆಲೆಯಿಲ್ಲ, ಮೇಡಂ. ಗೆಳೆಯರ ಮಗಳೊಬ್ಬಳು ಎರಡು ವರ್ಷ ಅಂಗನವಾಡಿಯಲ್ಲಿ ಮಕ್ಕಳ ಜಗಳಗಳನ್ನು ಟಿಪ್ಪಣಿ ಮಾಡಿಕೊಂಡಳು. ಮೌಖಿಕ ಪರೀಕ್ಷೆಯಲ್ಲಿ ಕೇಳಿದ್ದು ಒಂದೇ: ‘ನಿಯಂತ್ರಿತ ಗುಂಪು (ಹೋಲಿಕೆಗೆಂದು ಇಡುವ ಗುಂಪು) ಎಲ್ಲಮ್ಮಾ?’ ಕೊನೆಗೆ ಐವತ್ತು ಪ್ರಶ್ನೆಗಳ ಪ್ರಶ್ನಾವಳಿ ಹಂಚಿ ಪದವಿ ಪಡೆದಳು. ಅದೂ ಪ್ರಯೋಗವಲ್ಲ ಎಂಬುದು ಪರೀಕ್ಷಕರಿಗೆ ಹೊಳೆಯಲೇ ಇಲ್ಲ; ಕೋಷ್ಟಕಗಳಿದ್ದವಲ್ಲ, ಸಾಕಾಯಿತು! ಪತ್ರಿಕೆಯವರಾದ ನಾವೂ ಅಷ್ಟೇ. ಶೀರ್ಷಿಕೆಯಲ್ಲಿ ‘ನಂಟು ಕಂಡಿದೆ’ ಎಂದರೆ ಸಪ್ಪೆ, ‘ಸಾಬೀತು’ ಎಂದರೆ ಖಾರ.

ನೀವು ಬಹಳ ವರ್ಷ ಪಾಠ ಮಾಡಿದವರು. ಹಿಂದಿನ ಬೆಂಚಿನಲ್ಲಿ ಕಂಡದ್ದನ್ನು ಕಂಡ ಹಾಗೆ ಎರಡು ಪುಟ ಬರೆದು ಕಳಿಸಿ. ಪ್ರಕಟಿಸುವ ಹೊಣೆ ನನ್ನದು. ಕರಡನ್ನು ಈ ಸಲ ನೀವೇ ನೋಡಿಕೊಡಿ.

— ಸಂ.