ಮೊದಲ ಹಾಡಿಗೇ ಎದ್ದು ಹೋಗಬೇಡಿ

ಹಾಸನದಿಂದ ಬರೆದಿರುವ ಓದುಗರಿಗೆ ನಮಸ್ಕಾರ.

ಹೋದ ಸಂಚಿಕೆಯಲ್ಲಿ ಅಮೆರಿಕದ ಕವಿ, ಗಾಯಕ ಗಿಲ್ ಸ್ಕಾಟ್-ಹೆರಾನ್ ಅವರ 'ಪೀಸಸ್ ಆಫ್ ಎ ಮ್ಯಾನ್' ಆಲ್ಬಂ ಬಗ್ಗೆ ಓದಿ, ಹುಡುಕಿ ಕೇಳಿದಿರಂತೆ. "ಮೂರು ನಿಮಿಷ ಬರೀ ಮಾತು. ಇದು ಭಾಷಣವೋ ಹಾಡೋ? ಅಲ್ಲಿಗೇ ನಿಲ್ಲಿಸಿದೆ" ಎಂದಿದ್ದೀರಿ. ತಪ್ಪು ನಮ್ಮದೇ. ಎಲ್ಲರ ಹಾಗೆ ನಾವೂ ಆ ಮೊದಲ ಹಾಡನ್ನೇ ಹಿಡಿದುಕೊಂಡು ಕೂತೆವು.

ಆ ಹಾಡು 'ದಿ ರೆವಲ್ಯೂಷನ್ ವಿಲ್ ನಾಟ್ ಬಿ ಟೆಲಿವೈಸ್ಡ್', ಅಂದರೆ ಕ್ರಾಂತಿ ಟಿ.ವಿ.ಯಲ್ಲಿ ಬರುವುದಿಲ್ಲ. ಅದು ಮಾತೇ, ಹೌದು. 1970ರಲ್ಲಿ ಮೊದಲು ಬಂದಾಗ ಅದಕ್ಕೆ ತಾಳವಾದ್ಯ ಬಿಟ್ಟರೆ ಬೇರೇನೂ ಇರಲಿಲ್ಲ. 1971ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಮತ್ತೆ ರೆಕಾರ್ಡ್ ಮಾಡುವಾಗ ಬಾಸ್ ನುಡಿಸಿದವರು ರಾನ್ ಕಾರ್ಟರ್. ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ತಂಡದಲ್ಲಿ ಪಳಗಿದ ಕೈ. ಡ್ರಮ್ಸ್ ಬರ್ನಾರ್ಡ್ ಪರ್ಡಿ, ಕೊಳಲು ಹ್ಯೂಬರ್ಟ್ ಲಾಸ್. ಗಿಲ್‌ಗೆ ಆಗಿನ್ನೂ 22 ವರ್ಷ. ಆ ಮಾತಿನ ಬೆನ್ನಿಗೇ ಕೊಳಲು ಓಡುವುದನ್ನು ಕೇಳಿದರೆ ನೀವು ಭಾಷಣ ಅನ್ನಲಾರಿರಿ. ಹೋಗಲಿ, ಅದನ್ನು ಬಿಡಿ. ಹನ್ನೊಂದರಲ್ಲಿ ಅದು ಒಂದು, ಅಷ್ಟೆ. ಉಳಿದ ಹತ್ತನ್ನೂ ಅವರು ಹಾಡಿದ್ದಾರೆ.

ಸೀದಾ ಏಳನೆಯದಕ್ಕೆ ಹೋಗಿ. ಆಲ್ಬಂನ ಹೆಸರೇ ಅದರ ಹೆಸರು, ಅಂದರೆ ಮನುಷ್ಯನೊಬ್ಬನ ಚೂರುಗಳು. ಪಿಯಾನೊ ನುಡಿಸಿದವರು ಬ್ರಯನ್ ಜಾಕ್ಸನ್, ಗಿಲ್ ಅವರ ಕಾಲೇಜು ಗೆಳೆಯ. ಹಾಡಿನಲ್ಲಿ ಒಬ್ಬ ಮಗ ಅಪ್ಪನನ್ನು ನೋಡುತ್ತಿದ್ದಾನೆ. ಪೋಸ್ಟ್‌ಮ್ಯಾನ್ ಕಾಗದ ಕೊಡುತ್ತಾನೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಪ್ಪಾ, ಇವತ್ತು ಇನ್ನೂ ಒಂಬತ್ತು ಜನರ ಕೆಲಸ ಹೋಗಿದೆ ಅನ್ನುತ್ತಾನೆ. ಅಪ್ಪ ಕಾಗದ ಹರಿದು ಚೂರು ಮಾಡುತ್ತಾನೆ. ಅಜ್ಜಿ ಪೊರಕೆ ಹಿಡಿದು ಗುಡಿಸುತ್ತಾಳೆ. ಗುಡಿಸುತ್ತಿರುವುದು ಕಾಗದವನ್ನಲ್ಲ, ಆ ಅಪ್ಪನನ್ನೇ ಎಂದು ಪಾಪ ಅವಳಿಗೆ ಗೊತ್ತಿಲ್ಲ. ಇಲ್ಲಿ ಸರ್ಕಾರಕ್ಕೆ ಬೈಗುಳ ಇಲ್ಲ, ಘೋಷಣೆಯೂ ಇಲ್ಲ. ನನಗಂತೂ ಮೊದಲ ಹಾಡಿಗಿಂತ ಇದೇ ದೊಡ್ಡ ರಾಜಕೀಯದ ಹಾಡು.

ನಾಲ್ಕನೆಯದು ನಶೆಗೆ ಬಿದ್ದವನೊಬ್ಬ ತಾನೇ ಹಾಡಿಕೊಳ್ಳುವ ಹಾಡು. ಮುಂದೆ ಗಿಲ್ ಕೂಡ ಅದೇ ಹಾದಿ ಹಿಡಿದರು, ಜೈಲಿಗೂ ಹೋದರು, 2011ರಲ್ಲಿ ತೀರಿಕೊಂಡರು. ಅದು ಗೊತ್ತಾದ ಮೇಲೆ ಆ ಹಾಡನ್ನು ಸುಮ್ನೆ ಹಾಕಿಕೊಂಡು ಪಾತ್ರೆ ತೊಳೆಯೋಕೆ ನನ್ನಿಂದಾಗಿಲ್ಲ.

ಇನ್ನೊಂದು ಮಾತು. ನೀವು ಕೇಳಿದ್ದು ಫೋನಿನ ಸ್ಪೀಕರಿನಲ್ಲಿ ಅಲ್ವಾ? ಅದರಲ್ಲಿ ರಾನ್ ಕಾರ್ಟರ್ ಇರುವುದೇ ಇಲ್ಲ; ಬಾಸ್‌ನ ತಗ್ಗು ದನಿ ಅದರಲ್ಲಿ ಕೇಳಿಸುವುದಿಲ್ಲ. ಇಯರ್‌ಫೋನ್ ಹಾಕಿಕೊಂಡು ಕೇಳಿ. ಆಮೇಲೂ ಬೈಯಬೇಕು ಅನ್ನಿಸಿದರೆ ಇನ್ನೊಂದು ಪತ್ರ ಬರೆಯಿರಿ, ಅದನ್ನೂ ಹಾಕುತ್ತೇವೆ.

— ಸಂ.